ಪಾರ್ಕಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದರೆ ನಾನು ನಿಧಿಗಳ್ಳನಾ?

ತೂತುಕಾಸು (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ನಾನು ಬಳ್ಳಾರಿಯ ಒಂದು ಜೀನ್ಸ್ ಯುನಿಟ್‌ನಲ್ಲಿ ಸೂಪರ್‌ವೈಸರ್. ಹೊಲಿದ ಪ್ಯಾಂಟಿನಲ್ಲಿ ಮುರಿದ ಸೂಜಿ ಉಳಿದಿದೆಯಾ ಅಂತ ನೋಡಲು ಒಂದು ಮಷಿನ್ ಇರುತ್ತದಲ್ಲ, ಈ ಹುಚ್ಚು ಅಲ್ಲಿಂದ ಹತ್ತಿದ್ದು. ಮೂರು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಮೆಟಲ್ ಡಿಟೆಕ್ಟರ್ ತಗೊಂಡೆ. ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿಗೆ ಹೋಗಿ ಒಂದು ಗಂಟೆ ಆಡಿಸುವುದು, ಬರುವಾಗ ವಗ್ಗರಣಿ ಮಿರ್ಚಿ ತಿಂದು ಮನೆ ಸೇರುವುದು. ಹೆಂಡತಿ ಇದನ್ನು "ವಾಕಿಂಗ್" ಅಂತ ಒಪ್ಪಿಕೊಂಡಿದ್ದಾಳೆ.

ಇಷ್ಟು ದಿನದಲ್ಲಿ ಸಿಕ್ಕಿದ್ದು ಏನು ಅಂದರೆ, ಜೀನ್ಸ್ ಗುಂಡಿ ಮತ್ತು ರಿವೆಟ್ಟು ಲೆಕ್ಕವೇ ಇಲ್ಲ (ನಮ್ಮೂರಲ್ವಾ), ಒಂದು ಡಬ್ಬಿ ತುಂಬ ಸೋಡಾ ಬಿಲ್ಲೆ, ಒಂದು ಸ್ಕೂಟರ್ ಕೀ, ಎರಡು ಕಾಲುಂಗುರ, ಈಗ ನಡೆಯದ 25 ಪೈಸೆಗಳು, ಮತ್ತು ಒಂದೇ ಒಂದು 1943ರ ತೂತಿನ ಕಾಸು. ಯುದ್ಧದ ಕಾಲದಲ್ಲಿ ತಾಮ್ರ ಉಳಿಸಲು ನಡುವೆ ತೂತು ಮಾಡಿದ ಕಾಸು. ನನ್ನ ಹೆಸರು ಬಂದಿದ್ದೇ ಅದರಿಂದ. ಕೀ ಮತ್ತು ಕಾಲುಂಗುರ ಎರಡನ್ನೂ ವಾಚ್‌ಮನ್ ಕೈಗೆ ಕೊಟ್ಟಿದ್ದೇನೆ.

ಹೋದ ಭಾನುವಾರ ಗೇಟಿನಲ್ಲೇ ತಡೆದರು. ಹೊಸ ಬೋರ್ಡ್ ಬಂದಿದೆ. "ಲೋಹಶೋಧಕ ಯಂತ್ರ ಬಳಸುವುದು ಹಾಗೂ ನೆಲ ಅಗೆಯುವುದನ್ನು ನಿಷೇಧಿಸಿದೆ." ಸೋಮವಾರ ರಜೆ ಹಾಕಿ ಕಚೇರಿಗೆ ಹೋಗಿ ಯಾವ ನಿಯಮ ಅಂತ ಕೇಳಿದೆ. ಮೇಲಿನಿಂದ ಆದೇಶ ಅಂದರು. ಪ್ರತಿ ಕೊಡಿ ಅಂದೆ. ಫೈಲು ಬೇರೆ ಟೇಬಲ್‌ನಲ್ಲಿದೆ ಅಂದರು. ಹೊರಗೆ ಬರುವಾಗ ಒಬ್ಬರು ಹಿಂದೆಯೇ ಬಂದು ಮೆಲ್ಲಗೆ ಕೇಳಿದರು, "ಏನಾದ್ರೂ ಸಿಕ್ಕಿತಾ?"

ನಾವು ನಾಲ್ಕು ಜನ ಇದ್ದೇವೆ. ನಾನು, ಹೊಸಪೇಟೆಯ ಒಬ್ಬ, ರಾಯಚೂರಿನ ಇಬ್ಬರು. ಈ ಬೋರ್ಡನ್ನು ಪ್ರಶ್ನೆ ಮಾಡಬೇಕು ಅಂತಿದ್ದೇವೆ. ಮಾಹಿತಿ ಹಕ್ಕಿನ ಅರ್ಜಿ ಹಾಕೋದಾ, ಮನವಿ ಕೊಡೋದಾ, ಅಥವಾ ಸುಮ್ನೆ ಬೇರೆ ಹವ್ಯಾಸ ಹುಡುಕಿಕೊಳ್ಳೋದಾ?

ಬಿಸಿಲೂರ ಬಸ್ಯ (ರಾಯಚೂರು)

ಗುಡ್ಡ ಅಗೆದು ಇಲಿ ಹಿಡಿದವರ ಕಥೆ ಕೇಳಿದ್ದೆ. ಪಾರ್ಕ್ ಅಗೆದು ಪ್ಯಾಂಟಿನ ಗುಂಡಿ ಹಿಡಿದವರನ್ನು ಇವತ್ತೇ ನೋಡಿದ್ದು.

ವಾಕಿಂಗ್ ಅಕ್ಕ (ಬಳ್ಳಾರಿ)

ನಾನು ದಿನಾ ಪಾರ್ಕಿಗೆ ಹೋಗುವವಳು. ಬೋರ್ಡ್ ಹಾಕಿದ್ದು ಒಳ್ಳೇದೇ ಆಯಿತು. ಹೋದ ವರ್ಷ ಹುಲ್ಲಿನ ನಡುವೆ ಯಾರೋ ತೋಡಿದ ಗುಂಡಿಗೆ ನನ್ನ ಮಗನ ಕಾಲು ಸಿಕ್ಕಿ ಹದಿನೈದು ದಿನ ಕ್ರೇಪ್ ಬ್ಯಾಂಡೇಜ್ ಕಟ್ಟಿಕೊಂಡು ಓಡಾಡಿದ. ನೀವೇ ತೋಡಿದ್ದು ಅಂತ ಹೇಳ್ತಿಲ್ಲ. ಆದರೆ ನಮ್ಮೂರ ಬಿಸಿಲಿಗೆ ಹುಲ್ಲು ಹಸಿರಾಗಿ ನಿಲ್ಲೋದೇ ಕಷ್ಟ, ಆ ಮಾಲಿ ಪೈಪ್ ಹಿಡಿದು ಬದುಕಿಸಿದ್ದನ್ನು ನೀವು ಕುರ್ಪಿ ತಗೊಂಡು ಕೀಳ್ತೀರಿ. ಹವ್ಯಾಸ ನಿಮ್ಮದು, ಪಾರ್ಕ್ ಎಲ್ಲರದು.

ತೂತುಕಾಸು

ಅಕ್ಕ, ನಿಮ್ಮ ಸಿಟ್ಟು ಸರಿ. ಆ ಗುಂಡಿ ನನ್ನದಲ್ಲ, ಆದರೆ ಹೇಗೆ ತೆಗೆಯಬೇಕು ಅಂತ ಹೇಳ್ತೀನಿ ಕೇಳಿ. ಹುಲ್ಲನ್ನು ಮೂರು ಕಡೆ ಮಾತ್ರ ಕತ್ತರಿಸಿ ಮುಚ್ಚಳದ ಹಾಗೆ ಎತ್ತಬೇಕು, ನಾಲ್ಕನೇ ಕಡೆ ಬೇರು ಹಿಡಿದುಕೊಂಡೇ ಇರುತ್ತದೆ. ಮಣ್ಣನ್ನು ಬಟ್ಟೆಯ ಮೇಲೆ ಹಾಕಿಕೊಂಡು, ವಸ್ತು ತೆಗೆದು, ಮತ್ತೆ ತುಂಬಿ ಕಾಲಲ್ಲಿ ಒತ್ತಿ ಎರಡು ಮಗ್ಗಾ ನೀರು ಹಾಕಿದರೆ ವಾರಕ್ಕೆ ಗುರುತೇ ಸಿಗಲ್ಲ. ಬೇಸಿಗೆಯಲ್ಲಿ ನಾನು ಹುಲ್ಲು ಮುಟ್ಟೋದೇ ಇಲ್ಲ. ಮಕ್ಕಳ ಜಾರುಬಂಡೆ ಕೆಳಗಿನ ಮರಳು, ಕಲ್ಲುಬೆಂಚಿನ ಸುತ್ತ ಇರೋ ಬರೀ ಮಣ್ಣು, ಅಷ್ಟೇ.

ವಾಕಿಂಗ್ ಅಕ್ಕ

ಬರೆದಿದ್ದು ಚೆನ್ನಾಗಿದೆ. ನಿಮ್ಮ ಹಾಗೆ ಎಲ್ಲರೂ ನೀರು ಹಾಕ್ತಾರಾ?

ಗಂಗಾವತಿ ಭತ್ತ

ಅಣ್ಣ, ಬೇಜಾರು ಮಾಡ್ಕೋಬೇಡಿ. ಗುಂಡಿ ಬಿದ್ದಿದ್ದಕ್ಕೆ ಆ ಬೋರ್ಡ್ ಬಂದಿಲ್ಲ, ಹೆದರಿಕೆಗೆ ಬಂದಿದೆ.

2019ರ ಜುಲೈ ನೆನಪಿದೆಯಾ? ಆನೆಗೊಂದಿ ಹತ್ತಿರ ನದಿ ನಡುವಿನ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ರಾತ್ರೋರಾತ್ರಿ ಕೆಡವಿದರು. ನಿಧಿ ಇದೆ ಅಂತ. ಕೃಷ್ಣದೇವರಾಯನಿಗೆ ಗುರು ಅನ್ನಿಸಿಕೊಂಡವರ ಬೃಂದಾವನ ಸ್ವಾಮಿ ಅದು. ಬೆಳಿಗ್ಗೆ ಸುದ್ದಿ ಗೊತ್ತಾದಾಗ ನಮ್ಮ ಮನೆಯಲ್ಲಿ ಅಜ್ಜಿ ಊಟ ಮಾಡಲಿಲ್ಲ. ಜನ ದೂರ ದೂರದಿಂದ ಬಂದು ಸೇರಿದರು, ಬಿದ್ದ ಕಲ್ಲುಗಳನ್ನು ಜೋಡಿಸಿ ಬೇಗನೇ ಮತ್ತೆ ಕಟ್ಟಿದರು. ಆಮೇಲೆ ಕಳ್ಳರನ್ನು ಹಿಡಿದರು, ಅದು ಬೇರೆ.

ಅದಾದ ಮೇಲೆ ನದಿ ದಡದಲ್ಲಿ ಉದ್ದನೆಯ ಚೀಲ ಹಿಡಿದು ಓಡಾಡಿದವರನ್ನೆಲ್ಲ ಜನ ನಿಲ್ಲಿಸಿ ಕೇಳೋಕೆ ಶುರು ಮಾಡಿದರು. ಬಳ್ಳಾರಿ ಪೇಟೆಯಲ್ಲಿ ನಿಮಗೆ ಬೋರ್ಡ್ ತೋರಿಸ್ತಾರೆ, ನಮ್ಮ ಕಡೆ ಹಳ್ಳಿಯಲ್ಲಿ ಈ ಮಷಿನ್ ಹಿಡಿದು ಬಂದರೆ ಬೋರ್ಡ್ ಓದೋಕೂ ಟೈಮ್ ಕೊಡಲ್ಲ.

ಗುಂಡುಸೂಜಿ (ಹೊಸಪೇಟೆ)

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ಇದು. ಬೃಂದಾವನ ಕೆಡವಿದವರು ಹಾರೆ, ಗುದ್ದಲಿ ತಂದಿದ್ದರು. ಹಾಗಂತ ಹಾರೆ ಮಾರೋದನ್ನು ನಿಷೇಧ ಮಾಡಿದರಾ?

ತೂತುಕಾಸು ಹೇಳಿದ ನಾಲ್ವರಲ್ಲಿ ಹೊಸಪೇಟೆಯವನು ನಾನೇ. ಈ ಮಷಿನ್ ಏನು ಮಾಡುತ್ತೆ ಅಂತ ಗೊತ್ತಿಲ್ಲದೇ ಜನ ಮಾತಾಡ್ತಾರೆ. ಕೆಳಗೆ ತಟ್ಟೆಯ ಹಾಗಿದೆಯಲ್ಲ, ಅದರಲ್ಲಿ ತಾಮ್ರದ ತಂತಿ ಸುತ್ತಿರುತ್ತದೆ. ಕರೆಂಟು ಹರಿದು ಸುತ್ತಲೂ ಅಯಸ್ಕಾಂತದ ಕ್ಷೇತ್ರ ಹುಟ್ಟುತ್ತೆ, ನೆಲದಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ಸುಳಿ ಕರೆಂಟು ಏಳುತ್ತೆ, ಆ ಸುಳಿಯ ಕ್ಷೇತ್ರವನ್ನು ತಟ್ಟೆಯಲ್ಲಿರೋ ಇನ್ನೊಂದು ಸುತ್ತು ಹಿಡಿಯುತ್ತೆ. ಇಷ್ಟೇ ಮಂತ್ರ. ಆಳ ಎರಡು ಪಟ್ಟಾದರೆ ವಾಪಸ್ ಬರುವ ಸಿಗ್ನಲ್ ಹೆಚ್ಚುಕಮ್ಮಿ 64 ಪಟ್ಟು ಕುಗ್ಗುತ್ತೆ. ಅದಕ್ಕೇ ನಮ್ಮಂಥವರ ಮಷಿನ್‌ಗೆ ಒಂದು ನಾಣ್ಯ ಆರೆಂಟು ಇಂಚಿನೊಳಗೆ ಇದ್ದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅದೂ ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸಂಡೂರಿನ ಅದಿರಿನ ಧೂಳು ಬೇರೆ. ಮಣ್ಣೇ ಕೂಗುತ್ತೆ. ಪ್ರತಿ ಸಲ ಮಣ್ಣಿಗೆ ತಕ್ಕಂತೆ ಬ್ಯಾಲೆನ್ಸ್ ಮಾಡಬೇಕು. ಏಳು ಕೊಪ್ಪರಿಗೆ ಚಿನ್ನ ತೋರಿಸೋ ಯಂತ್ರ ಇದಲ್ಲ.

ಬಿಸಿಲೂರ ಬಸ್ಯ

ಹಾಗಾದರೆ ನಮ್ಮ ಮಾವ ತಗೊಂಡಿದ್ದು ಯಾವುದು? ಎರಡು ಕಡ್ಡಿ ಇರೋದು, ಒಂದು ಡಬ್ಬಿ, "ಒಂದು ಕಿಲೋಮೀಟರ್ ದೂರದ ಬಂಗಾರ ತೋರಿಸುತ್ತೆ" ಅಂತ ಒಬ್ಬ ಬಂದು ಮಾರಿ ಹೋದ. ಮೂರು ಲಕ್ಷ. ಎತ್ತಿನ ಜೋಡಿ ಮಾರಿ ಕೊಟ್ಟ.

ಗುಂಡುಸೂಜಿ

ಅದು ಬರೀ ಡಬ್ಬಿ ತಮ್ಮಾ. ಲಾಂಗ್ ರೇಂಜ್ ಅಂತ ಮಾರೋದೆಲ್ಲ ಮೋಸ. ಕಡ್ಡಿ ತಿರುಗೋದು ಹಿಡಿದವನ ಕೈ ನಡುಗಿ, ಬಂಗಾರ ಕಂಡು ಅಲ್ಲ. ಬಿಚ್ಚಿ ನೋಡಿ, ಒಳಗೆ ಒಂದು ಬ್ಯಾಟರಿ, ಒಂದು ಲೈಟು ಬಿಟ್ಟರೆ ಏನೂ ಇರಲ್ಲ.

ಬಿಸಿಲೂರ ಬಸ್ಯ

ಬಿಚ್ಚಿ ನೋಡಿದ್ದಾನೆ. ಲೈಟೂ ಇರಲಿಲ್ಲ.

ಹುಟ್ಟಿ ಹುಡುಗ (ಲಿಂಗಸುಗೂರು)

ನಾನು ಹುಟ್ಟಿ ಕಡೆಯವನು, ಮನೆಯಲ್ಲಿ ಎರಡು ತಲೆಮಾರು ಗಣಿ ಕೆಲಸ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಕೆಲವೇ ಗ್ರಾಂ ಚಿನ್ನ ಬರೋದು, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಆ ಕಲ್ಲಿನ ಮೇಲೆ ನಿಮ್ಮ ಡಿಟೆಕ್ಟರ್ ಇಟ್ಟರೆ ಗೊರಕೆ ಹೊಡೆಯುತ್ತೆ. ಆದರೂ ನಾನು ಹುಟ್ಟಿಯವನು ಅಂತ ಹೇಳಿದರೆ ಸಾಕು, ಮದುವೆ ಮನೆಯಲ್ಲಿ ಎಲ್ಲರೂ ಕೇಳ್ತಾರೆ, ನಿಮ್ಮ ಹಿತ್ತಲಲ್ಲಿ ಎಷ್ಟಿದೆ ಅಂತ.

ಕೋಟೆ ಮಾಸ್ತರ (ರಾಯಚೂರು)

ನಾನು ಇತಿಹಾಸ ಕಲಿಸಿ ನಿವೃತ್ತನಾದವನು. ಹುಡುಗರ ಉತ್ಸಾಹ ನೋಡಿ ಸಂತೋಷ. ಆದರೂ ನಿಷೇಧದ ಪರ ನಾನು.

ಯಾಕೆ ಅಂತ ಕೇಳಿ. ನಾವಿರೋ ಈ ಜಿಲ್ಲೆಗಳಲ್ಲಿ "ಇದು ಬರೀ ನೆಲ" ಅನ್ನೋ ಜಾಗ ಕಡಿಮೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಕುಡತಿನಿಯಲ್ಲಿ ಬೂದಿ ದಿಬ್ಬ, ಸಾವಿರಾರು ವರ್ಷದ ಹಿಂದೆ ದನದ ಸಗಣಿ ರಾಶಿ ಹಾಕಿ ಸುಟ್ಟಿದ್ದು. ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲಿನ ಮನೆಗಳ ಹಾಗೆ ನಿಂತ ಸಮಾಧಿಗಳು. ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳ, ನಮ್ಮಲ್ಲಿ ಮಸ್ಕಿ, ಎಲ್ಲ ಅಶೋಕನ ಶಾಸನ ಇರೋ ಊರುಗಳು. ಒಂದು ನಾಣ್ಯ ನೆಲದಿಂದ ಕಿತ್ತು ಕೈಗೆ ಬಂದಾಗ ಅದು ಬರೀ ನಾಣ್ಯ. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಯಾವ ಮಡಕೆ ಚೂರಿತ್ತು, ಬೂದಿ ಇತ್ತಾ, ಅದೇ ಇತಿಹಾಸ. ಅದನ್ನು ನೀವು ಕುರ್ಪಿಯಲ್ಲಿ ಒಂದು ನಿಮಿಷಕ್ಕೆ ಅಳಿಸಿಬಿಡ್ತೀರಿ, ನಿಮಗೆ ಗೊತ್ತೂ ಆಗಲ್ಲ.

ಪಾರ್ಕ್ ಅಂದಿರಿ. ಬಳ್ಳಾರಿ ಗುಡ್ಡದ ಕೋಟೆ ಕೆಳಗೆ ಇದ್ದರೂ ಪಾರ್ಕೇ, ಮೊನ್ನೆ ಮಣ್ಣು ತಂದು ಸುರಿದು ಮಾಡಿದ ಲೇಔಟಿನ ಪಾರ್ಕೂ ಪಾರ್ಕೇ. ವಾಚ್‌ಮನ್ ವ್ಯತ್ಯಾಸ ಹೇಗೆ ಮಾಡಬೇಕು?

ತೂತುಕಾಸು

ಮಾಸ್ತರೇ, ನೀವೇ ಉತ್ತರ ಕೊಟ್ಟಿರಿ. ನಮ್ಮ ಪಾರ್ಕ್ ಮಣ್ಣು ಸುರಿದು ಮಾಡಿದ್ದು. ನಾಲ್ಕು ಇಂಚಿನಲ್ಲಿ ಗುಟ್ಕಾ ಚೀಟಿ ಇರುತ್ತೆ, ಎಂಟು ಇಂಚಿನಲ್ಲಿ ಇಟ್ಟಿಗೆ ಚೂರು. ಅದರಲ್ಲಿ ಯಾವ ಪದರ ಕೆಡಿಸಲಿ?

ಇನ್ನೊಂದು. ಮಸ್ಕಿ ಶಾಸನವನ್ನು 1915ರಲ್ಲಿ ಯಾರು ಕಂಡಿದ್ದು? ಬೀಡನ್ ಅಂತ ಚಿನ್ನದ ಗಣಿಯ ಇಂಜಿನಿಯರ್. ಬಂಗಾರ ಹುಡುಕುತ್ತಾ ಬಂದವನು. ಸಂಗನಕಲ್ಲು ಅಂದಿರಲ್ಲ, ಬಳ್ಳಾರಿಯ ಮ್ಯೂಸಿಯಮ್ಮಿಗೆ ಹೆಸರು ಇಟ್ಟಿರೋದು ರಾಬರ್ಟ್ ಬ್ರೂಸ್ ಫೂಟ್ ಅಂತ. ಆತ ಭೂಗರ್ಭದ ಕೆಲಸಕ್ಕೆ ಬಂದವನು, ಕಲ್ಲಿನ ಕೊಡಲಿ ಆರಿಸಿದ್ದು ಆಸಕ್ತಿಯಿಂದ. ಹವ್ಯಾಸಿಗಳನ್ನು ಓಡಿಸಿದ್ದರೆ ನಿಮ್ಮ ಪಾಠದ ಅರ್ಧ ಪುಸ್ತಕ ಖಾಲಿ ಇರುತ್ತಿತ್ತು.

ಗುಂಡುಸೂಜಿ

ಮಾಸ್ತರಿಗೆ ಸಿಕ್ಸರ್ 😄

ಕೋಟೆ ಮಾಸ್ತರ

ಸಿಕ್ಸರ್ ಹೋಗಲಿ, ಬಾಲ್ ಎಲ್ಲಿ ಬಿತ್ತು ನೋಡು ತಮ್ಮಾ.

ಅಶೋಕನ ಬೇರೆ ಶಾಸನಗಳಲ್ಲಿ "ದೇವಾನಾಂಪಿಯ" ಅಂತ ಇರುತ್ತಿತ್ತು, ದೇವರಿಗೆ ಪ್ರಿಯನಾದವನು ಅಂತ. ಅದು ಅಶೋಕನೇ ಅಂತ ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಮಸ್ಕಿ ಬಂಡೆಯ ಮೇಲೆ ಮೊದಲ ಸಲ ಅಶೋಕ ಅನ್ನೋ ಹೆಸರೇ ಕಂಡಿತು. ಬೀಡನ್ ಅದನ್ನು ಕಿತ್ತು ಮನೆಗೆ ಒಯ್ಯಲಿಲ್ಲ, ಬಲ್ಲವರ ಕಿವಿಗೆ ಹಾಕಿದ. ಬಂಡೆ ಇದ್ದಲ್ಲೇ ಇದೆ, ನೀನೂ ಹೋಗಿ ನೋಡಬಹುದು. ನಾನು ಕೇಳೋದು ಇಷ್ಟು, ನಿನ್ನ ತೂತಿನ ಕಾಸು ಸಿಕ್ಕಾಗ ಯಾರಿಗೆ ಹೇಳಿದೆ?

ತೂತುಕಾಸು

ಹೆಂಡತಿಗೆ.

ಬಿಸಿಲೂರ ಬಸ್ಯ

ಜಿಲ್ಲಾಧಿಕಾರಿಗಿಂತ ದೊಡ್ಡ ಅಧಿಕಾರಿ. ನಡೆಯುತ್ತೆ.

ಕರಿಕೋಟು (ಬಳ್ಳಾರಿ)

ವಕೀಲಿ ಮಾಡ್ತೀನಿ, ಇದೂ ಒಂದು ಹವ್ಯಾಸವೇ ಅನ್ನಿ. ನೀವೆಲ್ಲ ಮೂರ್ನಾಲ್ಕು ಕಾನೂನು ಸೇರಿಸಿ ಚಿತ್ರಾನ್ನ ಮಾಡ್ತಿದ್ದೀರಿ.

ಸ್ಮಾರಕದ ಮಾತು ಬೇರೆ. 1958ರ ಕೇಂದ್ರ ಕಾಯ್ದೆ, ರಾಜ್ಯದ್ದು 1961. ಸಂರಕ್ಷಿತ ಜಾಗದೊಳಗೆ ಲೈಸೆನ್ಸ್ ಇಲ್ಲದೆ ಯಾರೂ ಅಗೆಯುವ ಹಾಗಿಲ್ಲ, ಹವ್ಯಾಸ ಅಂದರೂ ಇಲ್ಲ, ಭಕ್ತಿ ಅಂದರೂ ಇಲ್ಲ. 2010ರ ತಿದ್ದುಪಡಿ ಬಂದ ಮೇಲೆ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅದು ಕಟ್ಟಡ ಮತ್ತು ಗಣಿ ಕೆಲಸಕ್ಕೆ ಹೇಳಿದ್ದು, ಆದರೂ ಅಲ್ಲಿ ಮಷಿನ್ ತೆಗೆದು ನಿಂತರೆ ನಿಮ್ಮ ಪರವಾಗಿ ಮಾತಾಡೋಕೆ ನನಗೂ ಧೈರ್ಯ ಸಾಲಲ್ಲ.

ನಿಧಿ ಇನ್ನೊಂದು. 1878ರಷ್ಟು ಹಿಂದೆಯೇ ಬ್ರಿಟಿಷರು ನಿಧಿ ಕಾಯ್ದೆ ಮಾಡಿದ್ದರು, ಮಣ್ಣಲ್ಲಿ ಹುದುಗಿದ 10 ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು ಅಂತ. ವಾರಸುದಾರ ಸಿಗದಿದ್ದರೆ ಸಿಕ್ಕವನಿಗೆ ಮುಕ್ಕಾಲು, ಜಾಗದವನಿಗೆ ಕಾಲು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಕರ್ನಾಟಕ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. ಸಿಕ್ಕಿದ್ದನ್ನು ತಿಳಿಸಬೇಕು ಅನ್ನೋ ತಿರುಳು ಹಾಗೇ ಇದೆ. ಅಮಾವಾಸ್ಯೆ, ಅಂಜನ, ಬಲಿ ಅಂತ ನಿಧಿ ಹುಡುಕೋರಿಗೆ 2017ರ ಮಾಟಮಂತ್ರ ತಡೆ ಕಾಯ್ದೆ ಬೇರೆ ಕಾದಿದೆ.

ಇನ್ನು ಕಾಲುಂಗುರ. ಅದು ನಿಧಿ ಅಲ್ಲ, ಯಾರೋ ಅಕ್ಕನ ಕಾಲಿನದು. ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು. ವಾಚ್‌ಮನ್‌ಗೆ ಕೊಟ್ಟಿದ್ದು ಒಳ್ಳೇದೇ ಆಯಿತು, ಆದರೆ ಮುಂದಿನ ಸಲ ಒಂದು ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

1972ರ ಪ್ರಾಚ್ಯ ವಸ್ತು ಕಾಯ್ದೆ 100 ವರ್ಷ ದಾಟಿದ ನಾಣ್ಯ, ಮೂರ್ತಿಗಳಿಗೆ. ನಿಮ್ಮ 1943ರ ಕಾಸಿಗೆ 2043ರ ತನಕ ಟೈಮ್ ಇದೆ.

ಈಗ ಬೋರ್ಡ್. ಪಾರ್ಕಿನ ಮಾಲೀಕರು ಸ್ಥಳೀಯ ಸಂಸ್ಥೆ. ತಮ್ಮ ಜಾಗದಲ್ಲಿ ಅಗೆಯಬೇಡಿ ಅನ್ನೋ ಹಕ್ಕು ಅವರಿಗಿದೆ, ಅದನ್ನು ಕೋರ್ಟಿನಲ್ಲಿ ಅಲ್ಲಾಡಿಸೋದು ಕಷ್ಟ. ಆದರೆ "ಯಂತ್ರ ಬಳಸಬಾರದು" ಅನ್ನೋದಕ್ಕೆ ನಿರ್ಣಯ ಇದೆಯಾ, ಯಾವ ದಿನಾಂಕ, ಯಾರ ಸಹಿ, ಅದನ್ನು ಕೇಳಬಹುದು. ಮಾಹಿತಿ ಹಕ್ಕು, 10 ರೂಪಾಯಿ ಶುಲ್ಕ, 30 ದಿನ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬೇಡಿ. ನಿಮ್ಮ ಮೊದಲ ಪೋಸ್ಟಿನ ಹಾಗೆ ಮಿರ್ಚಿ ಬಗ್ಗೆ ಬರೆಯಬೇಡಿ.

ಹುಟ್ಟಿ ಹುಡುಗ

ಮಿರ್ಚಿ ವಿಷಯ ಬಂತು ಅಂತ ಹೇಳ್ತೀನಿ, ಬಳ್ಳಾರಿ ವಗ್ಗರಣಿಗಿಂತ ರಾಯಚೂರಿನದು ಮೇಲು. ನಿಮ್ಮಲ್ಲಿ ಹುಳಿ ಇರಲ್ಲ.

ವಾಕಿಂಗ್ ಅಕ್ಕ

ಇದನ್ನು ಮಾತ್ರ ಒಪ್ಪಲ್ಲ. ಬೇಕಿದ್ದರೆ ಇದಕ್ಕೊಂದು ಬೋರ್ಡ್ ಹಾಕಿಸಿ.

ಹೊರದೇಶದ ಕೊಪ್ಪಳ

ನಾನು ಕೊಪ್ಪಳದವನು, ಕೆಲವು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಅಲ್ಲಿ ಎಲ್ಲಾ ಫ್ರೀ ಅಂತ ಹವ್ಯಾಸಿಗಳು ಹೇಳ್ತಾರೆ, ಹಾಗೇನಿಲ್ಲ. ಹೊಲವಾದರೆ ರೈತನ ಒಪ್ಪಿಗೆ ಬೇಕು. ಪಾರ್ಕಾದರೆ ಅದು ಕೌನ್ಸಿಲ್ಲಿನದು, ಕೇಳದೆ ಮಷಿನ್ ಆಡಿಸುವ ಹಾಗಿಲ್ಲ, ಎಷ್ಟೋ ಕೌನ್ಸಿಲ್‌ಗಳು ಕೇಳಿದರೂ ಇಲ್ಲ ಅನ್ನುತ್ತವೆ. ಸಂರಕ್ಷಿತ ಸ್ಮಾರಕದಲ್ಲಿ ಒಪ್ಪಿಗೆ ಇಲ್ಲದೆ ಡಿಟೆಕ್ಟರ್ ಬಳಸಿದರೆ 1979ರ ಕಾಯ್ದೆ ಪ್ರಕಾರ ಅದೇ ಅಪರಾಧ, ಅಗೆಯದಿದ್ದರೂ ಸರಿ. ಲಂಡನ್ನಿನ ಥೇಮ್ಸ್ ನದಿ ದಡದ ಕೆಸರಿಗೂ ಪರ್ಮಿಟ್ ಬೇಕು.

ಆದರೆ ಒಂದು ವಿಷಯದಲ್ಲಿ ಅವರು ಜಾಣರು. ನಿಧಿ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು, ಇದು 1996ರ ಕಾಯ್ದೆ. ಮ್ಯೂಸಿಯಂ ಕೊಂಡರೆ ದುಡ್ಡು ಹುಡುಕಿದವನಿಗೂ ಜಾಗದವನಿಗೂ ಹಂಚಿ ಹೋಗುತ್ತೆ. 2009ರಲ್ಲಿ ಸ್ಟಾಫರ್ಡ್‌ಶೈರ್‌ನಲ್ಲಿ ಒಬ್ಬ ಹವ್ಯಾಸಿಗೆ ಹೊಲದಲ್ಲಿ ಆಂಗ್ಲೋ ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಸಿಕ್ಕಿತು. 32.85 ಲಕ್ಷ ಪೌಂಡು ಬೆಲೆ ಕಟ್ಟಿ ಅವನಿಗೂ ರೈತನಿಗೂ ಅರ್ಧ ಅರ್ಧ ಕೊಟ್ಟರು. ನಿಧಿ ಅಲ್ಲದ ಸಣ್ಣಪುಟ್ಟ ಗುಂಡಿ, ಬಕಲ್, ಕಾಸು ಎಲ್ಲ ಬರೆದುಕೊಳ್ಳೋಕೆ 1997ರಿಂದ ಒಂದು ವ್ಯವಸ್ಥೆ ಇದೆ, ಹತ್ತು ಲಕ್ಷಕ್ಕಿಂತ ಹೆಚ್ಚು ವಸ್ತು ದಾಖಲಾಗಿವೆ. ತಗೊಂಡು ಹೋಗಿ ತೋರಿಸಿದರೆ ಅಧಿಕಾರಿ ಫೋಟೋ ತೆಗೆದು ವಾಪಸ್ ಕೊಡ್ತಾರೆ.

ಅಮೆರಿಕದಲ್ಲಿ ನ್ಯಾಷನಲ್ ಪಾರ್ಕುಗಳಲ್ಲಿ ಪೂರ್ತಿ ನಿಷೇಧ. ಊರ ಪಾರ್ಕುಗಳದ್ದು ಊರಿಗೊಂದು ನಿಯಮ, ಕೆಲವು ಕಡೆ ಪರ್ಮಿಟ್ ಕೊಡ್ತಾರೆ, ಕೆಲವು ಕಡೆ ಇಲ್ಲ. ಅಲ್ಲಿನ ಹವ್ಯಾಸಿಗಳು ಊರ ಸಭೆಗೆ ಹೋಗಿ ಗಂಟೆಗಟ್ಟಲೆ ಇದೇ ಜಗಳ ಮಾಡ್ತಾರೆ.

ಗಂಗಾವತಿ ಭತ್ತ

ಅಲ್ಲಿ ತೋರಿಸಿದರೆ ವಾಪಸ್ ಕೊಡ್ತಾರೆ ಅನ್ನೋ ನಂಬಿಕೆ ಇದೆ. ಇಲ್ಲಿ ಮಳೆ ಬಿದ್ದ ಮೇಲೆ ಹೊಲದಲ್ಲಿ ವಿಜಯನಗರದ ತಾಮ್ರದ ಕಾಸು ಕಂಡರೆ ನಮ್ಮಪ್ಪ ಕಾಲಿನಿಂದ ಮಣ್ಣು ಮುಚ್ಚಿ ಬರ್ತಿದ್ದ. ಹೇಳಿದರೆ ನಾಳೆಯಿಂದ ಹೊಲಕ್ಕೆ ಹೋಗೋಕೆ ಬಿಡಲ್ಲ, ಹೇಳದಿದ್ದರೆ ಕಳ್ಳ ಅಂತಾರೆ. ಯಾಕೆ ಬೇಕು ಉಸಾಬರಿ ಅಂತ.

ಕೋಟೆ ಮಾಸ್ತರ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಜ.

ನಮ್ಮಲ್ಲಿ ಒಬ್ಬ ವಿದ್ಯಾರ್ಥಿ ಮನೆ ಪಾಯ ತೆಗೆಯುವಾಗ ಸಿಕ್ಕ ಚಾರ್ಮಿನಾರ್ ಚಿತ್ರದ ನಿಜಾಮರ ರೂಪಾಯಿ ತಂದು ತೋರಿಸಿದ್ದ. ತರಗತಿಯಲ್ಲಿ ಆ ಒಂದು ರೂಪಾಯಿ ಇಟ್ಟುಕೊಂಡು ಇಡೀ ಪೀರಿಯಡ್ ಮಾತಾಡಿದೆ. 1948ರ ತನಕ ರಾಯಚೂರು, ಕೊಪ್ಪಳ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿ, ಬಳ್ಳಾರಿ ಮದ್ರಾಸಿನಲ್ಲಿ, ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿದ್ದು. ಅದಕ್ಕೇ ಬಳ್ಳಾರಿ ಮಣ್ಣಲ್ಲಿ ಜಾರ್ಜ್ ರಾಜನ ಕಾಸು, ನಮ್ಮ ಮಣ್ಣಲ್ಲಿ ಚಾರ್ಮಿನಾರ್. ಹುಡುಗರಿಗೆ ಪುಸ್ತಕಕ್ಕಿಂತ ಬೇಗ ತಲೆಗೆ ಹೋಯಿತು. ಮಾರನೇ ದಿನ ಅವನ ತಂದೆ ಬಂದು, "ಸರ್, ಯಾರಿಗೂ ಹೇಳಬೇಡಿ" ಅಂತ ಕೈ ಮುಗಿದರು.

ತೂತುಕಾಸು

ಮಾಸ್ತರೇ, ಇಲ್ಲಿ ಓದುತ್ತಾ ಓದುತ್ತಾ ನನ್ನ ಬೇಡಿಕೆಯೇ ಬದಲಾಯಿತು. ಬೋರ್ಡ್ ತೆಗೆಯಿರಿ ಅಂತ ಕೇಳಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಜೊತೆಗೆ ಒಂದು ಮನವಿ. ಕೋಟೆ, ಗುಡ್ಡ, ಗುಡಿ, ಕೆರೆ ಏರಿ ಹತ್ತಿರ ಹೋಗಲ್ಲ. ಹೊಸ ಲೇಔಟಿನ ಪಾರ್ಕುಗಳಲ್ಲಿ ಮಾತ್ರ, ಭಾನುವಾರ ಬೆಳಿಗ್ಗೆ, ನಾಲ್ಕು ಇಂಚಿಗಿಂತ ಆಳ ಇಲ್ಲ, ಸಲಿಕೆ ತರಲ್ಲ, ಸಿಕ್ಕಿದ್ದೆಲ್ಲ ವಾಚ್‌ಮನ್ ಪುಸ್ತಕದಲ್ಲಿ ಬರೆಸ್ತೀವಿ, ಹಳೆಯದು ಅನ್ನಿಸಿದರೆ ಅಲ್ಲೇ ನಿಲ್ಲಿಸಿ ತಿಳಿಸ್ತೀವಿ. ಅರ್ಜಿಯಲ್ಲಿ ಮಿರ್ಚಿ ಇಲ್ಲ.

ಗುಂಡುಸೂಜಿ

ನಾಲ್ಕು ಇಂಚು ಅಂದರೆ ಅರ್ಧ ಮಷಿನ್ ವೇಸ್ಟ್ ಅಣ್ಣ. ಆರು ಅಂತ ಬರೆಯಬೇಕಿತ್ತು. ನಮ್ಮನ್ನು ಕೇಳದೇ ಕೊಟ್ಟುಬಿಟ್ಟಿರಿ. ಹೊಸಪೇಟೆಯಲ್ಲಿ ನಾನಂತೂ ಆರೇ ಕೇಳೋದು.

ಕರಿಕೋಟು

ನೀವು ಹೊಸಪೇಟೆಯಲ್ಲಿ ಕೇಳಲೇಬೇಡಿ. ಹಂಪಿಯಿಂದ ಹನ್ನೆರಡು ಕಿಲೋಮೀಟರ್ ಆಚೆ ಕೂತು ಡಿಟೆಕ್ಟರ್ ಪರ್ಮಿಷನ್ ಕೇಳಿದರೆ ಅರ್ಜಿ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೆ.

ವಾಕಿಂಗ್ ಅಕ್ಕ

ತೂತುಕಾಸು ಅವರೇ, ಕೇಳೋಕೆ ನಾಚಿಕೆ ಆಗ್ತಿದೆ. ನಿನ್ನೆ ಸಂಜೆಯಿಂದ ನನ್ನ ಒಂದು ಬೆಂಡೋಲೆ ಕಾಣ್ತಿಲ್ಲ. ತವರು ಮನೆಯದು. ಪಾರ್ಕಿನಲ್ಲೇ ಬಿದ್ದಿದೆ ಅನ್ನಿಸುತ್ತೆ, ಹುಲ್ಲಿನ ಮೇಲೆ ಕೂತು ಪ್ರಾಣಾಯಾಮ ಮಾಡಿದ್ದೆವು. ನಿಮ್ಮ ಮಷಿನ್ ತಗೊಂಡು ಬರೋಕೆ ಆಗುತ್ತಾ?

ಬಿಸಿಲೂರ ಬಸ್ಯ

🍿

ತೂತುಕಾಸು

ಬರ್ತೀನಿ ಅಕ್ಕ, ಆದರೆ ಬೋರ್ಡ್ ಇದೆಯಲ್ಲ. ವಾಚ್‌ಮನ್ ಹತ್ತಿರ ನೀವೇ ಮಾತಾಡಿ. ಅವರು ಹೂಂ ಅಂದರೆ ನಾಳೆ ಬೆಳಿಗ್ಗೆ ಆರೂವರೆಗೆ. ಯಾವ ಜಾಗ ಅಂತ ಗುರುತು ಇಟ್ಟುಕೊಳ್ಳಿ, ಅಲ್ಲಿ ಯಾರೂ ಗುಡಿಸದ ಹಾಗೆ ನೋಡಿಕೊಳ್ಳಿ.

ವಾಕಿಂಗ್ ಅಕ್ಕ

ವಾಚ್‌ಮನ್ ಕಚೇರಿಗೆ ಫೋನ್ ಮಾಡಿ ಕೇಳಿದ. ಹೆಣ್ಣುಮಕ್ಕಳ ಬಂಗಾರದ ವಿಷಯ, ಮಾಡ್ಕೊಳ್ಳಲಿ ಅಂದರಂತೆ.

ಗುಂಡುಸೂಜಿ

ಸಿಕ್ಕಿತಾ? ಎರಡು ದಿನ ಆಯ್ತು, ಇಬ್ಬರೂ ನಾಪತ್ತೆ.

ತೂತುಕಾಸು

ಒಂದೂವರೆ ಗಂಟೆ ಆಡಿಸಿದೆ. ಹನ್ನೊಂದು ಜೀನ್ಸ್ ಗುಂಡಿ, ಒಂದು ಪಿನ್ನು, ಒಂದು ಐದು ರೂಪಾಯಿ. ಬೆಂಡೋಲೆ ಇಲ್ಲ. ಸುತ್ತ ಇಪ್ಪತ್ತು ಜನ ನಿಂತು "ಅಲ್ಲಿ ನೋಡಿ, ಇಲ್ಲಿ ನೋಡಿ" ಅಂತ.

ಆದರೆ ಬೇಲಿ ಹತ್ತಿರ ಹೋದಾಗ ಮಷಿನ್ ಕಿರುಚಿಕೊಂಡಿತು. ದೊಡ್ಡ ಕಬ್ಬಿಣ. ನಾನು ಮುಟ್ಟಲ್ಲ ಅಂದೆ, ಮಾಲಿ ತಾನೇ ಸಲಿಕೆ ತಂದು ಮೂರು ಇಂಚು ಮಣ್ಣು ಸರಿಸಿದ. ನೀರಿನ ವಾಲ್ವಿನ ಮುಚ್ಚಳ! ಹೊಸ ಹುಲ್ಲು ಹಾಸುವಾಗ ಮುಚ್ಚಿಹೋಗಿತ್ತಂತೆ. ನೀರು ಬಿಡುವವನು ಎಂಟು ತಿಂಗಳಿಂದ ಅದನ್ನೇ ಹುಡುಕುತ್ತಿದ್ದ, ಒಂದು ವಾಲ್ವ್ ಸಿಗದೆ ಪಕ್ಕದ ರಸ್ತೆಗೂ ಸೇರಿಸಿ ನೀರು ನಿಲ್ಲಿಸಬೇಕಾಗುತ್ತಿತ್ತು. ಅವನು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ವಾಕಿಂಗ್ ಅಕ್ಕ

ಬೆಂಡೋಲೆ ಸಿಕ್ಕಿತು. ಸ್ವೆಟರಿನ ಉಲ್ಲನ್ನಿಗೆ ಸಿಕ್ಕಿಕೊಂಡಿತ್ತು. ದಯವಿಟ್ಟು ಯಾರೂ ಏನೂ ಹೇಳಬೇಡಿ.

ಬಿಸಿಲೂರ ಬಸ್ಯ

ಬಳ್ಳಾರಿಯಲ್ಲಿ ಸ್ವೆಟರಾ?!

ತೂತುಕಾಸು

ಮಾಹಿತಿ ಹಕ್ಕಿನ ಉತ್ತರ ಬಂತು, 34ನೇ ದಿನಕ್ಕೆ. "ಸದರಿ ವಿಷಯಕ್ಕೆ ಸಂಬಂಧಿಸಿದ ನಿರ್ಣಯ ಕಡತದಲ್ಲಿ ಲಭ್ಯವಿರುವುದಿಲ್ಲ." ಅಂದರೆ ಆದೇಶವೇ ಇಲ್ಲ, ಬೋರ್ಡ್ ಮಾತ್ರ ಇದೆ. ಮನವಿಗೆ ಇನ್ನೂ ಉತ್ತರ ಇಲ್ಲ.

ಕೋಟೆ ಮಾಸ್ತರ

ನಿರ್ಣಯ ಇಲ್ಲ ಅಂತ ಖುಷಿ ಪಟ್ಟು ನಾಳೆಯಿಂದ ನಾಲ್ಕು ಜನ ನಲವತ್ತು ಆಗಬೇಡಿ. ನಿನ್ನ ಮನವಿ ಚೆನ್ನಾಗಿದೆ, ಅದನ್ನೇ ಹಿಡಿದುಕೋ. ಪುಸ್ತಕದಲ್ಲಿ ಬರೆಯೋದಾದರೆ ಎಷ್ಟು ಇಂಚಿನಲ್ಲಿ, ಎಲ್ಲಿ ಅನ್ನೋದನ್ನೂ ಬರೆ, ಗುಂಡಿಯಾದರೂ ಸರಿ. ಒಂದು ಸಲ ರಾಯಚೂರಿಗೆ ಬಾ, ಆ ನಿಜಾಮರ ರೂಪಾಯಿ ಹುಡುಗನನ್ನು ಪರಿಚಯ ಮಾಡಿಸ್ತೀನಿ. ಅವನೀಗ ಇತಿಹಾಸದಲ್ಲೇ ಎಂ.ಎ. ಓದ್ತಿದ್ದಾನೆ.

ತೂತುಕಾಸು

ಬರ್ತೀನಿ ಮಾಸ್ತರೇ, ವಗ್ಗರಣಿ ಜಗಳನೂ ಅಲ್ಲೇ ತೀರಿಸೋಣ.

ಇವತ್ತು ಬೆಳಿಗ್ಗೆ ಕಚೇರಿಯಿಂದ ಫೋನ್ ಬಂತು. ಇನ್ನೂ ಎರಡು ಪಾರ್ಕಿನಲ್ಲಿ ವಾಲ್ವ್ ಮುಚ್ಚಳ ಹೂತುಹೋಗಿವೆಯಂತೆ, ಮಷಿನ್ ತಗೊಂಡು ಬನ್ನಿ ಅಂದರು.

ಕರಿಕೋಟು

ಬಾಯಿ ಮಾತಿಗೆ ಹೋಗಬೇಡಿ. ಒಂದು ಚೀಟಿಯಲ್ಲಾದರೂ ಬರೆದು ಕೊಡಿ ಅಂತ ಕೇಳಿ, ನಾಳೆ ನಿಮ್ಮ ಮನವಿಗೆ ಅದೇ ಆಧಾರ.

ತೂತುಕಾಸು

ಕೇಳಿದೆ. "ಬರೆದು ಹೇಗೆ ಕೊಡೋದ್ರಿ, ಬೋರ್ಡ್ ಇದೆಯಲ್ಲ" ಅಂದರು.